ಸೀಮೆಎಣ್ಣೆ ಯಾರ ಮನೆಯಿಂದ?

2012ರ ಆಗಸ್ಟಿನಲ್ಲಿ ಪಿಎಚ್‌ಡಿಗೆಂದು ಅಮೆರಿಕಕ್ಕೆ ಹೋದೆ. ಮೊದಲ ವಾರವೇ ನನ್ನ ಗೈಡ್ ಒಂದು ಫೈಲು ಕಳಿಸಿದರು. ಸೋಷಿಯಲ್ ನೆಟ್‌ವರ್ಕ್ ಸಂಶೋಧನೆ ಅಂದರೆ ಕೋಟಿಗಟ್ಟಲೆ ಜನರ ಡೇಟಾ ಅಂದುಕೊಂಡು ಬಂದವನು ನಾನು. ಫೈಲಿನಲ್ಲಿ ಇದ್ದದ್ದು ಬರೀ 78 ಸಾಲು, ಸಾಲಿಗೆ ಎರಡೆರಡು ಅಂಕಿ.

ನಮ್ಮ ಕಸುಬಿಗೆ ಬಂದವರೆಲ್ಲ ಮೊದಲು ತಿದ್ದುವ ಅಕ್ಷರ ಅದು. ವೇಯ್ನ್ ಜ್ಯಾಕರಿ ಎಂಬುವರು 1970ರಿಂದ 72ರವರೆಗೆ ಒಂದು ವಿಶ್ವವಿದ್ಯಾಲಯದ ಕರಾಟೆ ಕ್ಲಬ್ಬನ್ನು ಹತ್ತಿರದಿಂದ ನೋಡಿದರು. 34 ಸದಸ್ಯರಲ್ಲಿ ಯಾರು ಯಾರ ಜೊತೆ ಕ್ಲಬ್ಬಿನ ಹೊರಗೂ ಓಡಾಡುತ್ತಾರೆ ಎಂದು ಬರೆದುಕೊಂಡರು. ಅಂಥ ಜೋಡಿಗಳೇ ಆ 78 ಸಾಲು. ಅಷ್ಟರಲ್ಲಿ ಪಾಠದ ಫೀಸಿನ ವಿಷಯಕ್ಕೆ ಗುರುವಿಗೂ ಅಧ್ಯಕ್ಷನಿಗೂ ಜಗಳ ಹತ್ತಿ ಕ್ಲಬ್ಬು ಎರಡು ಹೋಳಾಯಿತು. ಯಾರು ಯಾವ ಕಡೆ ಹೋಗುತ್ತಾರೆಂದು ನಂಟುಗಳನ್ನಷ್ಟೇ ನೋಡಿ ಹೇಳಬಹುದೇ? ಹೇಳಬಹುದು ಎಂದು 1977ರ ಲೇಖನದಲ್ಲಿ ಜ್ಯಾಕರಿ ತೋರಿಸಿದರು. ಅವರ ಲೆಕ್ಕ ತಪ್ಪಿದ್ದು ಒಬ್ಬನ ವಿಷಯದಲ್ಲಿ ಮಾತ್ರ, 9ನೇ ಸದಸ್ಯ. ಅವನ ಒಡನಾಟ ಅಧ್ಯಕ್ಷನ ಗುಂಪಿನ ಜೊತೆ ಇದ್ದರೂ ಅವನು ಹೋದದ್ದು ಗುರುವಿನ ಹಿಂದೆ. ಯಾಕೆಂದರೆ ಅವನ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮೂರೇ ವಾರ ಬಾಕಿ ಇತ್ತು.

ಈ ಮೂರು ವಾರದ ಸಂಗತಿ 78 ಸಾಲಿನಲ್ಲಿ ಎಲ್ಲೂ ಇಲ್ಲ. ಅಲ್ಲಿದ್ದು ಕೇಳಿದವರಿಗೆ ಮಾತ್ರ ಗೊತ್ತಾಗುವಂಥದ್ದು. ಆಗ ನಾನು ಅದನ್ನು ಒಂದು ಸ್ವಾರಸ್ಯ ಎಂದು ಓದಿ ಮುಂದೆ ಹೋದೆ. ನನಗೆ ಬೇಕಿದ್ದದ್ದು ದೊಡ್ಡ ಡೇಟಾ.

ಅದು ಸಿಗುತ್ತಲೂ ಇತ್ತು. ಟ್ವಿಟರ್‌ನ ಎಪಿಐ, ಅಂದರೆ ನಮ್ಮ ಪ್ರೋಗ್ರಾಮು ಡೇಟಾ ಕೇಳಿ ಪಡೆಯುವ ದಾರಿ, ಉಚಿತವಾಗಿತ್ತು. ಒಬ್ಬರ ಫಾಲೋವರ್‌ಗಳ ಪಟ್ಟಿಯನ್ನು 15 ನಿಮಿಷಕ್ಕೆ 15 ಸಲ ಕೇಳಬಹುದಿತ್ತು, ಸಲಕ್ಕೆ 5,000 ಖಾತೆಗಳ ನಂಬರ್. ಹದಿನೈದೂ ಮುಗಿದರೆ ಪ್ರೋಗ್ರಾಮು 900 ಸೆಕೆಂಡು ಮಲಗಿ, ಎದ್ದು, ಮತ್ತೆ ಕೇಳುತ್ತಿತ್ತು. ಲ್ಯಾಬಿನ ಮೇಜಿನ ಕೆಳಗೆ ಹಳೆಯ ಕಂಪ್ಯೂಟರುಗಳು ಹಗಲೂ ರಾತ್ರಿ ಹೀಗೆ ಸೇದುತ್ತಲೇ ಇರುತ್ತಿದ್ದವು. ಹಿಮ ಬೀಳುವ ರಾತ್ರಿಗಳಲ್ಲಿ ಅವುಗಳ ಬಿಸಿಗೆ ಕಾಲು ಚಾಚಿಕೊಂಡು ಕೂರುತ್ತಿದ್ದೆವು. ಬೆಳಿಗ್ಗೆ ಬಂದರೆ ಮೊದಲ ಮಾತು, "ಎಷ್ಟು ನೋಡ್ ಬಂತು?" ನೋಡ್ ಎಂದರೆ ಮನುಷ್ಯ. ಎಡ್ಜ್ ಎಂದರೆ ನಂಟು. ದಿನವಿಡೀ ಹಾಗೇ ಮಾತಾಡಿ ಮಾತಾಡಿ ಮೊದಲನೆಯ ಅರ್ಥ ಮರೆತೇಹೋಗಿತ್ತು.

ದೊಡ್ಡದರ ಮೋಹಕ್ಕೆ ಕಾರಣವೂ ಇತ್ತು. ಅಪರಿಚಿತರಿಬ್ಬರ ನಡುವೆ ಎಷ್ಟು ಕೊಂಡಿಗಳಿವೆ ಎಂದು ತಿಳಿಯಲು 1960ರ ದಶಕದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಕೈಯಿಂದ ಕೈಗೆ ದಾಟುವ ಪತ್ರಗಳನ್ನು ಕಳಿಸಿದ್ದರು. 1969ರ ಲೇಖನದ ಪ್ರಕಾರ 296 ಜನರಿಂದ ಶುರುವಾಗಿ ಬಾಸ್ಟನ್ನಿನ ಷೇರು ದಲ್ಲಾಳಿಯೊಬ್ಬನನ್ನು ಮುಟ್ಟಿದ್ದು 64 ಮಾತ್ರ. 2011ರಲ್ಲಿ ಫೇಸ್‌ಬುಕ್ಕಿನ 72.1 ಕೋಟಿ ಜನರ ನಡುವಿನ 6,900 ಕೋಟಿ ಗೆಳೆತನಗಳನ್ನು ಲೆಕ್ಕಕ್ಕೆ ಹಿಡಿದು, ಸರಾಸರಿ ದೂರ 4.74 ಕೊಂಡಿ ಎಂದು ಸಂಶೋಧಕರು ಹೇಳಿದರು. 64 ಪತ್ರಗಳೆಲ್ಲಿ, 6,900 ಕೋಟಿಯೆಲ್ಲಿ! ಆ ದಿನಗಳಲ್ಲಿ ಫೇಸ್‌ಬುಕ್ಕಿನ ಆ್ಯಪ್ ಒಂದಕ್ಕೆ ಒಬ್ಬರು ಒಪ್ಪಿಗೆ ಕೊಟ್ಟರೆ, ಕೇಳದೇ ಇದ್ದ ಅವರ ಗೆಳೆಯರ ವಿವರಗಳೂ ಜೊತೆಗೆ ಬರುವ ಹಾಗಿತ್ತು. ಅದರಲ್ಲಿ ತಪ್ಪಿದೆ ಎಂದು ನಮ್ಮ ಲ್ಯಾಬಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ.

2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೋ, ಮ್ಯಾಥ್ಯೂ ಜ್ಯಾಕ್ಸನ್ ಅವರ ಲೇಖನ ಬಂತು. ಕಿರುಸಾಲದ ಸುದ್ದಿ ಹಳ್ಳಿಯೊಳಗೆ ಹೇಗೆ ಹಬ್ಬುತ್ತದೆ ಎಂಬ ಅಧ್ಯಯನ. ಹಳ್ಳಿಗಳು ಕರ್ನಾಟಕದವು. 2006ರಲ್ಲಿ 75 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಅಲ್ಲೇ ಕೂತು ಕೇಳಿದ್ದರು. ನಿಮ್ಮ ಮನೆಗೆ ಯಾರು ಬರುತ್ತಾರೆ? ನೀವು ಯಾರ ಮನೆಗೆ ಹೋಗುತ್ತೀರಿ? ಅಕ್ಕಿ, ಸೀಮೆಎಣ್ಣೆ ಬೇಕಾದರೆ ಯಾರನ್ನು ಕೇಳುತ್ತೀರಿ? ಕೈಗಡ ಯಾರು ಕೊಡುತ್ತಾರೆ? ದೇವಸ್ಥಾನಕ್ಕೋ ಮಸೀದಿಗೋ ಚರ್ಚಿಗೋ ಯಾರ ಜೊತೆ ಹೋಗುತ್ತೀರಿ? ಹೀಗೆ ಹನ್ನೆರಡು ಬಗೆಯ ನಂಟು. ಡೇಟಾ ಎಲ್ಲರಿಗೂ ಮುಕ್ತವಾಗಿತ್ತು, ಹೆಸರುಗಳಿಲ್ಲದೆ.

ಸೀಮೆಎಣ್ಣೆ ಎಂಬ ಪದ ಆ ಪ್ರಯೋಗಾಲಯದ ಪರದೆಯ ಮೇಲೆ ಕಂಡಾಗ ನನಗೆ ಏನೋ ಆಯಿತು. ನಮ್ಮೂರು ತುರುವೇಕೆರೆ ಕಡೆಯದು. ಸಂಜೆ ಲಾಟೀನಿಗೆ ಎಣ್ಣೆ ಸಾಲದಾದರೆ ಅಮ್ಮ ನನ್ನ ಕೈಗೆ ಬಾಟಲಿ ಕೊಟ್ಟು ಕಳಿಸುತ್ತಿದ್ದಳು. ಯಾವ ಮನೆಗೆ ಹೋಗಬೇಕು, ಯಾವ ಮನೆಯ ಮುಂದೆ ಬಾಟಲಿಯನ್ನು ಸೆರಗಿನಡಿ ಇಟ್ಟ ಹಾಗೆ ಅಡಗಿಸಿಕೊಂಡು ದಾಟಬೇಕು ಎಂದೂ ಹೇಳುತ್ತಿದ್ದಳು. ನಾನು ಹಿಡಿದು ನಡೆದದ್ದು ಒಂದು ಎಡ್ಜ್.

ಆ ರಾತ್ರಿ ಒಂದು ಹಳ್ಳಿಯ ಕೋಷ್ಟಕ ತೆರೆದೆ. ಅಡ್ಡಕ್ಕೂ ಉದ್ದಕ್ಕೂ ಮನೆಗಳು. ನಂಟಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ನೋಡುತ್ತಾ ಹೋದಾಗ ಒಂದು ಮನೆಯ ಸಾಲು ಪೂರ್ತಿ ಸೊನ್ನೆ. ಒಂದು ಲೋಟ ಅಕ್ಕಿ ಕೇಳುವುದಕ್ಕೂ ಯಾರೂ ಇಲ್ಲದ ಮನೆಯೇ? ಎದೆ ಭಾರವಾಯಿತು. ಆಮೇಲೆ ಲೇಖನದ ವಿವರಣೆ ಓದಿದೆ. ಇಂಥ ಪ್ರಶ್ನೆಗಳನ್ನು ಎಲ್ಲ ಮನೆಗಳಲ್ಲೂ ಕೇಳಿರಲಿಲ್ಲ, ಸುಮಾರು ಅರ್ಧ ಮನೆಗಳಲ್ಲಿ ಮಾತ್ರ ಕೇಳಿದ್ದರು. ಹಾಗಾದರೆ ಆ ಸೊನ್ನೆಗೆ ಎರಡು ಅರ್ಥ: ಇವರಿಗೆ ಯಾರೂ ಇಲ್ಲ, ಅಥವಾ ಇವರನ್ನು ಯಾರೂ ಕೇಳಲಿಲ್ಲ. ಕೋಷ್ಟಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನನ್ನ ಸಂಶೋಧನೆ ದಾರಿ ಬದಲಿಸಿದ್ದು ಆ ಸಾಲಿನಿಂದ. ಗೊತ್ತಿಲ್ಲದ ನಂಟುಗಳನ್ನು ಇಲ್ಲದ ನಂಟುಗಳೆಂದು ಎಣಿಸಿದರೆ ಲೆಕ್ಕ ಎಲ್ಲೆಲ್ಲಿ ಕೆಡುತ್ತದೆ ಎಂಬುದೇ ಮುಂದೆ ನನ್ನ ಥೀಸಿಸ್ ಆಯಿತು.

ಮರುವರ್ಷ ಜೂನಿನಲ್ಲಿ ಕಸುಬಿಗೇ ಸಿಡಿಲು ಬಡಿಯಿತು. ಫೇಸ್‌ಬುಕ್ 2012ರ ಜನವರಿಯಲ್ಲಿ ಒಂದು ವಾರ 6,89,003 ಜನರ ನ್ಯೂಸ್ ಫೀಡಿನಲ್ಲಿ ಸಂತೋಷದ ಅಥವಾ ದುಃಖದ ಪೋಸ್ಟುಗಳನ್ನು ಕಡಿಮೆ ಮಾಡಿ, ಅವರು ಬರೆಯುವ ಮಾತು ಬದಲಾಗುತ್ತದೆಯೇ ಎಂದು ಪರೀಕ್ಷಿಸಿದ್ದು ಲೇಖನವಾಗಿ ಹೊರಬಂತು. ಬದಲಾದದ್ದು ಬಹಳ ಸ್ವಲ್ಪ. ಆದರೆ ಜನ ಕೇಳಿದ್ದು ಅದನ್ನಲ್ಲ. ನನ್ನನ್ನು ಯಾರು ಕೇಳಿದರು ಎಂದು. ನಮ್ಮ ಸೆಮಿನಾರಿನಲ್ಲಿ ಅದನ್ನು ಅಂಕಿ ಅಂಶದ ಪ್ರಶ್ನೆಯಾಗಿ ಚರ್ಚಿಸಲು ಹೊರಟವರಿಗೂ ಮಾತು ಮುಂದುವರಿಸಲು ಆಗಲಿಲ್ಲ.

ಆ ಬೇಸಿಗೆ ಗೈಡ್ ಸರ್ವರನ್ನು ಶುಚಿ ಮಾಡಲು ಹೇಳಿದರು. ಹಳೆಯ ಫೋಲ್ಡರಿನಲ್ಲಿ, 2006ರಲ್ಲಿ ಎಒಎಲ್ ಕಂಪನಿ ಸಂಶೋಧಕರಿಗೆಂದು ಬಿಡುಗಡೆ ಮಾಡಿ ಕೆಲವೇ ದಿನದಲ್ಲಿ ಹಿಂತೆಗೆದುಕೊಂಡ ಇಂಟರ್ನೆಟ್ ಹುಡುಕಾಟಗಳ ಕಡತದ ಪ್ರತಿ ಇತ್ತು. ಸುಮಾರು 6.5 ಲಕ್ಷ ಜನರ 2 ಕೋಟಿ ಹುಡುಕಾಟ. ಹೆಸರಿನ ಬದಲು ನಂಬರ್ ಇಟ್ಟಿದ್ದರು. 'ನ್ಯೂಯಾರ್ಕ್ ಟೈಮ್ಸ್' ವರದಿಗಾರರು 4417749 ಎಂಬ ನಂಬರಿನ ಹುಡುಕಾಟಗಳನ್ನು ಓದಿಯೇ ಜಾರ್ಜಿಯಾದ ಒಬ್ಬ ಹಿರಿಯ ಮಹಿಳೆಯ ಮನೆಬಾಗಿಲಿಗೆ ಹೋಗಿ ನಿಂತಿದ್ದರು. ಅಳಿಸುವ ಮೊದಲು ನಾನು ಕಡತ ತೆರೆದು ಹತ್ತು ಸಾಲು ಓದಿದೆ. ಕಾಯಿಲೆ, ಸಾಲ, ಒಂಟಿತನ. ಮುಂದಕ್ಕೆ ಓದಲಿಲ್ಲ. ಅಳಿಸಿದೆ.

ಅಳಿಸಿದ ಮೇಲೆ ನೆನಪಾದವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರಿನ ಹತ್ತಿರ ತಾವು ರಾಂಪುರ ಎಂದು ಕರೆದ ಹಳ್ಳಿಯಲ್ಲಿ 1948ರಲ್ಲಿ ಉಳಿದು ಅವರು ಸಂಗ್ರಹಿಸಿದ ಟಿಪ್ಪಣಿಗಳನ್ನು ಆಧರಿಸಿ ಸಿದ್ಧಪಡಿಸಿದ್ದ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಸುಟ್ಟುಹೋದವು. ಆದರೂ 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಬಂತು, ನೆನಪಿನಿಂದಲೇ. ಅವರ ಕಾಗದ ಸುಟ್ಟರೂ ಊರು ಉಳಿದಿತ್ತು. ಎರಡು ವರ್ಷ ಹಗಲಿರುಳು ಡೇಟಾ ಸೇದಿದ ನನಗೆ ಆ ಡಿಸ್ಕು ಕೆಟ್ಟರೆ ಒಂದು ಮುಖವೂ ಉಳಿಯುತ್ತಿರಲಿಲ್ಲ.

ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. 2015ರ ಏಪ್ರಿಲ್‌ಗೆ ಫೇಸ್‌ಬುಕ್ಕಿನಲ್ಲಿ ಗೆಳೆಯರ ವಿವರ ಸಿಗುವುದು ನಿಂತಿತು. 2018ರಲ್ಲಿ, ಹಿಂದೆ ಹಾಗೆ ಪಡೆದ ವಿವರಗಳ ಸುತ್ತ ಕೇಂಬ್ರಿಜ್ ಅನಲಿಟಿಕಾ ಹಗರಣವಾಗಿ, 8.7 ಕೋಟಿ ಜನರ ವಿವರ ಹೋಗಿರಬಹುದು ಎಂದು ಫೇಸ್‌ಬುಕ್ಕೇ ಹೇಳಿದ ಮೇಲೆ ಇನ್ನೂ ಬಿಗಿಯಾಯಿತು. 2023ರಲ್ಲಿ ಟ್ವಿಟರ್‌ನ ಉಚಿತ ದಾರಿಯೂ ಮುಗಿಯಿತು. ಜನರ ಗುಟ್ಟು ಕಾಯಲು ಮುಚ್ಚಿದ ಬಾಗಿಲನ್ನು ನಾನು ಒಪ್ಪುತ್ತೇನೆ. ಆದರೆ ಆ ಡೇಟಾ ಈಗಲೂ ಒಳಗೇ ಇದೆ, ಒಳಗಿನವರು ನೋಡುತ್ತಲೇ ಇದ್ದಾರೆ. ಸುಳ್ಳು ಸುದ್ದಿ ಹೇಗೆ ಹರಡಿತು ಎಂದು ಹೊರಗಿನಿಂದ ಪರೀಕ್ಷಿಸುವವರಿಗೆ ಮಾತ್ರ ದಾರಿ ತೀರಾ ಕಿರಿದಾಯಿತು. ಇದು ನ್ಯಾಯವಲ್ಲ.

ಬ್ಯಾನರ್ಜಿಯವರ ತಂಡದ ಇನ್ನೊಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕರ್ನಾಟಕದ 213 ಹಳ್ಳಿಗಳಲ್ಲಿ ಒಂದು ಸುದ್ದಿ ಹಬ್ಬಿಸಬೇಕಿತ್ತು. ಕೆಲವು ಕಡೆ ಯಾರೋ ಸಿಕ್ಕವರಿಗೆ ಹೇಳಿದರು, ಕೆಲವು ಕಡೆ ಊರ ಹಿರಿಯರಿಗೆ. ಇನ್ನು ಕೆಲವು ಕಡೆ, ಯಾರಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಊರವರನ್ನೇ ಕೇಳಿ, ಅವರು ತೋರಿಸಿದವರಿಗೆ ಹೇಳಿದರು. ಹೆಚ್ಚು ಹಬ್ಬಿದ್ದು ಕೊನೆಯ ಬಗೆಯ ಹಳ್ಳಿಗಳಲ್ಲಿ. ನಾವು ತಿಂಗಳುಗಟ್ಟಲೆ ಗ್ರಾಫ್ ಕಟ್ಟಿ ಹುಡುಕುವ ಮನುಷ್ಯನನ್ನು ಊರಿನ ಹೆಂಗಸರು ನಿಂತ ನಿಲುವಿನಲ್ಲೇ ತೋರಿಸಬಲ್ಲರು.

ಆ ವರ್ಷ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಅಮ್ಮನ ಎದುರು ಕೂತೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

"ಸೀಮೆಎಣ್ಣೆ ಯಾರತ್ರ ಇಸ್ಕೊಳ್ತಿದ್ದೆ?"

"ಸೀಮೆಎಣ್ಣೆ ಈಗೆಲ್ಲಯ್ಯಾ, ಗ್ಯಾಸ್ ಬಂದು ಎಷ್ಟು ವರ್ಷಾತು." ಆದರೂ ಎರಡು ಹೆಸರು ಹೇಳಿದಳು. ಅಕ್ಕಿಗೆ ಒಂದು ಹೆಸರು. ದುಡ್ಡಿಗೆ ಎಂದಾಗ ಕೈ ನಿಂತಿತು. ನನ್ನ ಕಾಲೇಜಿನ ಫೀಸು ಯಾವ ಮನೆಯಿಂದ ಬಂತು, ಯಾಕೆ ಆ ಮನೆಗೆ ಹಗಲು ಹೋಗುವ ಹಾಗಿರಲಿಲ್ಲ, ತೀರಿಸಲು ಎಷ್ಟು ವರ್ಷ ಹಿಡಿಯಿತು ಎಂದು ನಿಧಾನಕ್ಕೆ ಹೇಳಿದಳು. ನನಗೆ ಅದಾವುದೂ ಗೊತ್ತಿರಲಿಲ್ಲ.

"ಅದನ್ನ ಬರ್ಕೋಬೇಡ," ಎಂದಳು.

ಆ ಪುಟದಲ್ಲಿ ಮೂರು ಹೆಸರಿವೆ. ನಾಲ್ಕನೆಯ ಸಾಲು ಖಾಲಿ.