ಕೆಳಮೈಯ ಕೆಂಪು

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಸಿಯೇ ಇದ್ದ ಜಮಖಾನ ಬಣ್ಣಗೆಟ್ಟಿದೆ ಎಂಬುದು ನನಗೆ ತಿಳಿದದ್ದು ಮನೆಗೆ ಸುಣ್ಣ ಬಳಿಸುವ ದಿನ. ಮೂಲೆಯಲ್ಲಿದ್ದ ಕಪಾಟನ್ನು ಸರಿಸಿದೆವು. ಅದರ ಕಾಲಿನಡಿ, ಅಂಗೈಯಷ್ಟಗಲ ಜಾಗದಲ್ಲಿ, ಅಂಚು ಕುಂಕುಮದ ಹಾಗೆ ಕೆಂಪಗಿತ್ತು. ಉಳಿದ ಅಂಚೆಲ್ಲ ಹಳೆಯ ಹೆಂಚಿನ ಬಣ್ಣ. ದಿನಾ ನೋಡುವ ಕಣ್ಣಿಗೆ ಅದು ಯಾವಾಗ ಮಾಸಿತೋ ಗೊತ್ತಾಗಿರಲೇ ಇಲ್ಲ.

ಅದು ನಮ್ಮ ಆಯಿಯ ಜಮಖಾನ. ನವಲಗುಂದದಲ್ಲಿ ನೇಯಿಸಿ ತಂದದ್ದು. ನಡುವೆ ಪಗಡೆಯ ಮನೆಗಳು, ನಾಲ್ಕು ಮೂಲೆಗೆ ನಾಲ್ಕು ನವಿಲು, ಅವುಗಳ ಸುತ್ತ ಒಂದು ಬಿಳಿ ಗೆರೆ, ಅದರಾಚೆ ಗೇಣಗಲದ ಕೆಂಪು ಅಂಚು. ಆಯಿ ಇದ್ದಷ್ಟು ದಿನ ಅದು ಅಟ್ಟದ ಮೇಲೆ ಬೇವಿನ ಸೊಪ್ಪಿನ ಜೊತೆ ಸುರುಳಿಯಾಗಿ ಇರುತ್ತಿತ್ತು. ಕನ್ಯೆ ನೋಡಲು ಬೀಗರು ಬಂದರೆ, ಉಡಿ ತುಂಬುವ ದಿನ, ಶ್ರಾವಣದಲ್ಲಿ ಪುರಾಣ ಹಚ್ಚಿದರೆ ಮಾತ್ರ ಕೆಳಗೆ ಇಳಿಯುತ್ತಿತ್ತು. ಹಾಸುವಾಗ ಎರಡು ಕಡೆ ಇಬ್ಬರು ಹಿಡಿದು ಝಾಡಿಸಬೇಕು. ಹಾಗೆ ಝಾಡಿಸುವ ಸಪ್ಪಳ ಕೇಳಿದರೆ ಮನೆಯಲ್ಲಿ ಏನೋ ಒಳ್ಳೆಯದು ನಡೆಯಲಿದೆ ಎಂದು ಮಕ್ಕಳಾದ ನಮಗೆ ತಿಳಿಯುತ್ತಿತ್ತು. ಊರಿನ ಮನೆ ಪಾಲಾದಾಗ ನಾನು ಬೇರೇನೂ ಕೇಳದೆ ಇದನ್ನು ತಂದೆ. ತಂದವಳು ಪಡುವಣ ಕಿಟಕಿಯ ಎದುರು ಹಾಸಿದೆ. ಆಯಿ ಬಿಸಿಲು ತಾಗಿಸದೆ ಕಾಪಾಡಿದ್ದನ್ನು ನಾನು ದಿನವೂ ಇಳಿಹೊತ್ತಿನ ಬಿಸಿಲಿಗೆ ಒಡ್ಡಿದೆ.

ನೂಲಿಗೆ ಹಿಡಿದ ಬಣ್ಣವನ್ನು ಬೆಳಕು ತಿನ್ನುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ, ಗಾಳಿಯ ಆಮ್ಲಜನಕ, ತೇವ ಮೂರೂ ಸೇರಿ ಬಣ್ಣದ ಕಣವನ್ನು ಒಡೆಯುತ್ತವೆ. ಒಡೆದದ್ದು ತಿರುಗಿ ಕೂಡುವುದಿಲ್ಲ. ಹಳೆಯ ಕಾಲದಲ್ಲಿ ಕೆಂಪು ಮಂಜಿಷ್ಠದಂಥ ಬೇರುಗಳಿಂದ ಬರುತ್ತಿತ್ತು. ಹತ್ತಿಗೆ ಅದು ಹಿಡಿಯಬೇಕಾದರೆ ಮೊದಲು ನೂಲನ್ನು ಅಳಲೆಕಾಯಿಯ ಒಗರಿನಲ್ಲಿ ನೆನೆಸಿ, ಪಟಿಕದ ನೀರು ಕುಡಿಸಿ, ಆಮೇಲೆ ಬೇರಿನ ಕಷಾಯದಲ್ಲಿ ಕುದಿಸಬೇಕು. 1868ರಲ್ಲಿ ಜರ್ಮನಿಯ ಇಬ್ಬರು ರಸಾಯನಶಾಸ್ತ್ರಜ್ಞರು ಇಂಥ ಬೇರಿನ ಕೆಂಪನ್ನು, ಅಲಿಝರಿನ್ ಎಂಬುದನ್ನು, ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಅಲ್ಲಿಂದ ಮುಂದೆ ಪುಡಿಬಣ್ಣಗಳ ಕಾಲ. ಆಯಿಯ ಜಮಖಾನದ ಕೆಂಪೂ ಪುಡಿಬಣ್ಣದ್ದೇ ಇರಬೇಕು. ಆದರೆ ಪಕ್ಕಾ ಬಣ್ಣ. ನೇಯುವ ಮೊದಲೇ ಲಡಿಯನ್ನು ಬಿಸಿನೀರಿನಲ್ಲಿ ಅದ್ದಿ, ನೂಲಿನ ಹೊಟ್ಟೆಯವರೆಗೆ ಇಳಿಸಿದ್ದು.

ಇದನ್ನೆಲ್ಲ ನಾನು ಕಲಿತದ್ದು ತಪ್ಪು ಮಾಡಿದ ಮೇಲೆ. ಮೊದಲು ಅದನ್ನು ಪಟ್ಟಣದ ಒಂದು ಅಂಗಡಿಗೆ ಕೊಟ್ಟೆ. ಅಂಚಿಗೆ ಮತ್ತೆ ಬಣ್ಣ ಏರಿಸಿ ಕೊಡುತ್ತೇವೆ, ಹೊಸದರಂತೆ ಆಗುತ್ತದೆ ಎಂದರು. ಪರೀಕ್ಷೆಗೆಂದು ಒಂದು ತುದಿಯ ಅಂಚಿಗಷ್ಟೇ ಕುಂಚದಿಂದ ಬಣ್ಣ ಹಚ್ಚಿ ಒಣಗಿಸಿ ಕೊಟ್ಟರು. ನೋಡಲು ಚೆಂದವೇ ಇತ್ತು. ಒಂದೇ ಒಂದು ಸಲ ನೀರು ತಾಗಿತು, ಬಣ್ಣ ಹರಿದು ಪಕ್ಕದ ಬಿಳಿ ಗೆರೆಯೊಳಗೆ ಇಳಿಯಿತು. ಉಪ್ಪು, ಸೋಡಾ, ಕಾವು ಇಲ್ಲದೆ ಮೇಲೆ ಬಳಿದ ಬಣ್ಣ ಹತ್ತಿಯನ್ನು ಹಿಡಿದುಕೊಳ್ಳುವುದಿಲ್ಲ. ಹತ್ತಿ ಮಾತ್ರ ನೀರನ್ನು ಬತ್ತಿಯಂತೆ ಎಳೆದುಕೊಂಡು ಹೋಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ನೇಯ್ಗೆಯನ್ನು ಕಾಯುವವರು ಅದರ ಮೇಲೆ ಹೊಸ ಬಣ್ಣ ಬಳಿಯಲು ಹೋಗುವುದಿಲ್ಲ. ಸವೆದ ಕಡೆ ಅದೇ ಬಣ್ಣದ ಬಟ್ಟೆಯನ್ನು ಕೆಳಗಿಟ್ಟು, ಬೇಕಾದಾಗ ಬಿಚ್ಚಲು ಬರುವಂತೆ ಹೊಲಿಯುತ್ತಾರೆ. ಅದು ಎಷ್ಟು ತಿಳಿದ ಕೆಲಸ ಎಂಬುದು ಆ ಬಿಳಿ ಗೆರೆ ಗುಲಾಬಿಯಾದ ದಿನ ನನಗೆ ಅರ್ಥವಾಯಿತು.

ಕೊನೆಗೆ ಸುರುಳಿ ಕಟ್ಟಿಕೊಂಡು ನವಲಗುಂದಕ್ಕೇ ಹೋದೆ. ಹುಬ್ಬಳ್ಳಿಯಿಂದ ವಿಜಯಪುರದ ಹೆದ್ದಾರಿ ಹಿಡಿದರೆ ಎರಡೂ ಕಡೆ ಎರೆ ಹೊಲ, ಆಮೇಲೆ ನವಿಲುಗಳಿಂದ ಹೆಸರು ಪಡೆದ ಆ ಗುಡ್ಡ. 1980ರ ರೈತ ಬಂಡಾಯದಿಂದ ನಾಡಿಗೆಲ್ಲ ಗೊತ್ತಾದ ಊರು. ಅಲ್ಲಿ ಜಮಖಾನ ಗಲ್ಲಿ ಎಂಬ ಓಣಿ ಇದೆ. ಆದಿಲಶಾಹಿ ಕಾಲದಲ್ಲಿ ವಿಜಯಪುರದ ಕಡೆಯಿಂದ, ಯುದ್ಧಗಳ ಗದ್ದಲಕ್ಕೆ ಬೇಸತ್ತು ಬಂದು ಇಲ್ಲಿ ನೆಲೆಸಿದ ನೇಕಾರರ ಮನೆತನಗಳು ಇವು ಎಂದು ಹೇಳುತ್ತಾರೆ. ನೇಯುವವರು ಹೆಂಗಸರು, ಅದೂ ಮನೆಯೊಳಗೆ ಕುಳಿತು. ಮಗಳು ಕೊಟ್ಟ ಮನೆಗೆ ಹೋದರೆ ವಿದ್ಯೆಯೂ ಜೊತೆಗೆ ಹೋದೀತೆಂದು ಸೊಸೆಗೆ ಮಾತ್ರ ಕಲಿಸುತ್ತಿದ್ದ ಮನೆಗಳಿದ್ದವಂತೆ.

ಗೋಡೆಗೆ ಒರಗಿದಂತೆ ನಿಂತ ಮಗ್ಗದ ಮುಂದೆ ಒಬ್ಬ ಹಿರಿಯ ಹೆಣ್ಣುಮಗಳು ಕುಳಿತಿದ್ದರು. ಹಾಸಿನ ಎಳೆಗಳ ನಡುವೆ ಬೆರಳಿನಿಂದಲೇ ಹೊಕ್ಕಿನ ಬಣ್ಣದ ನೂಲು ತೂರಿಸಿ, ಹಲ್ಲಿರುವ ಕಬ್ಬಿಣದ ಪಂಜದಿಂದ ಟಕ್ ಟಕ್ ಎಂದು ಬಡಿದು ಕೂರಿಸುತ್ತಿದ್ದರು. ಕಾಗದದ ಮೇಲೆ ನಕ್ಷೆ ಇರಲಿಲ್ಲ. ನವಿಲಿನ ಕತ್ತು ಎಷ್ಟನೇ ಎಳೆಗೆ ತಿರುಗಬೇಕು ಎಂಬ ಲೆಕ್ಕ ಅವರ ಬೆರಳಲ್ಲಿತ್ತು.

"ಅಮ್ಮಾ, ಇದರ ಅಂಚಿಗೆ ಬಣ್ಣ ತಿರುಗಿ ಬರೂಹಂಗ ಮಾಡಾಕ ಆಗತೈತೇನ್ರಿ?" ಎಂದೆ.

ಅವರು ಜಮಖಾನವನ್ನು ಬಿಚ್ಚಿಸಿ, ಬಣ್ಣ ಹರಿದ ತುದಿಯನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅದನ್ನು ಬೋರಲು ಹಾಕಿಸಿದರು. ಕೆಳಮೈಗೆ ಇಷ್ಟು ವರ್ಷದ ನೆಲದ ಧೂಳು ಮೆತ್ತಿ ಎಲ್ಲವೂ ಬೂದಿ ಬಣ್ಣವಾಗಿತ್ತು. ಅಂಗಳಕ್ಕೆ ಒಯ್ದು ಕೋಲಿನಿಂದ ಬಡಿಸಿದರು. ಒದ್ದೆ ಬಟ್ಟೆ ಹಿಂಡಿ ಅಂಚನ್ನು ಒಮ್ಮೆ ಒರೆಸಿದರು. ಆಯಿಯ ಕೆಂಪು ಅಲ್ಲೇ ಇತ್ತು.

"ಬಣ್ಣ ಎಲ್ಲಿಗೂ ಹೋಗಿಲ್ಲ ಬೇ ಯವ್ವಾ. ನೀವು ಹೊರಳಿಸಿ ನೋಡಿಲ್ಲ," ಎಂದರು.

ಜಮಖಾನಕ್ಕೆ ಮೇಲು ಕೆಳಗು ಎಂಬುದಿಲ್ಲ. ಹೊಕ್ಕು ಹಾಸನ್ನು ಪೂರಾ ಮುಚ್ಚಿಬಿಡುವುದರಿಂದ ಎರಡು ಮೈಯಲ್ಲೂ ಒಂದೇ ಚಿತ್ತಾರ ಮೂಡುತ್ತದೆ. ಇದನ್ನು ಓದಿ ತಿಳಿದಿದ್ದೆ. ಆದರೂ ಮನೆಯದನ್ನು ಒಂದು ಸಲ ಹೊರಳಿಸಬೇಕೆಂದು ನನಗೆ ಹೊಳೆದಿರಲಿಲ್ಲ.

ಕೆಟ್ಟ ತುದಿಯನ್ನು ಅವರು ಬಿಚ್ಚಿ ಹೊಸದಾಗಿ ನೇಯ್ದುಕೊಟ್ಟರು. ಕೊನೆಯ ಗಂಟುಗಳನ್ನು ಬಿಡಿಸಿ, ಒಂದೊಂದೇ ಹೊಕ್ಕನ್ನು ಎಳೆದು ತೆಗೆದಾಗ ಬರಿಯ ಹಾಸಿನ ಎಳೆಗಳು ಬೋಳಾಗಿ ಇಳಿಬಿದ್ದವು. ಕೆಲವು ಜೀರ್ಣವಾಗಿದ್ದವು, ಅವುಗಳ ಪಕ್ಕಕ್ಕೆ ಹೊಸ ಎಳೆ ಕೂಡಿಸಿ ಬಲ ಕೊಟ್ಟರು. ಕೆಂಪಿನ ಲಡಿಯನ್ನು ಕೆಳಮೈಯ ಬಣ್ಣಕ್ಕೆ ಹಿಡಿದು ನೋಡಿ, ಒಪ್ಪದೆ, ಮೂರು ಸಲ ಬೇರೆ ಅದ್ದಿಸಿದರು. ಒದ್ದೆ ನೂಲಿನ ಬಣ್ಣವನ್ನು ಅವರು ನಂಬಲಿಲ್ಲ. ಒಣಗಿದ ಮೇಲೆಯೇ, ಅದೂ ನೆರಳಿನಲ್ಲಿ ಹಿಡಿದು ಹೋಲಿಸಿದರು. ಈ ತಾಳ್ಮೆ ಆ ಅಂಗಡಿಯಲ್ಲಿ ಇರಲಿಲ್ಲ, ನನ್ನಲ್ಲಿಯೂ ಇರಲಿಲ್ಲ.

ನಾನು ಅಲ್ಲಿಗೆ ಹೋಗಿ ಬಂದು ಮಾಡಿದ ದಿನಗಳಲ್ಲಿ ಓಣಿಯಲ್ಲಿ ಪಂಜದ ಸಪ್ಪಳ ಕೇಳಿದ್ದು ಅವರ ಮನೆಯಿಂದಷ್ಟೇ. ಒಂದು ಕಾಲಕ್ಕೆ ಮನೆಮನೆಗೂ ಮಗ್ಗವಿದ್ದ ಕಡೆ ಈಗ ನೇಯುವವರನ್ನು ಬೆರಳಲ್ಲಿ ಎಣಿಸಬಹುದು. ನವಲಗುಂದದ ಜಮಖಾನಕ್ಕೆ ಜಿಐ ಮಾನ್ಯತೆ ಸಿಕ್ಕಿದೆ, ಒಳ್ಳೆಯದೇ. ಬೇರೆಲ್ಲೋ ನೇಯ್ದದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಮಾನ್ಯತೆಯ ಪತ್ರ ಹೆಸರನ್ನು ಕಾಯುತ್ತದೆ, ಬೆರಳನ್ನಲ್ಲ. ದಿನವಿಡೀ ಬೆನ್ನು ಬಗ್ಗಿಸಿದರೂ ಕೆಲವು ಅಂಗುಲ ಮೇಲೇರುವ ನೇಯ್ಗೆ ಇದು. ಅದರ ಕೂಲಿಯಲ್ಲಿ ಸಂಸಾರ ಸಾಗುವುದಿಲ್ಲ ಎಂದು ಮನೆಯ ಹುಡುಗಿಯರು ಕಾಲೇಜಿಗೆ, ನೌಕರಿಗೆ ಹೋದರೆ ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ತಪ್ಪು ನಮ್ಮದು. ನಾವು ನೆಲದ ಮೇಲೆ ಕೂರುವುದನ್ನು ಬಿಟ್ಟೆವು. ಬೀಗರಿಗೆ ಸೋಫಾ ಬಂತು, ಮದುವೆಗೆ ಬಾಡಿಗೆ ಕುರ್ಚಿ ಬಂತು, ಪುರಾಣ ಟಿವಿಗೆ ಹೋಯಿತು. ಹಾಸುವ ಸಂದರ್ಭಗಳೇ ಮನೆಯಿಂದ ಹೊರಟುಹೋದ ಮೇಲೆ ಹಾಸನ್ನು ಯಾರು ನೇಯಿಸುತ್ತಾರೆ? ಎಲ್ಲೋ ಅಪ್ಪಿತಪ್ಪಿ ಬೇಕಾದರೆ ಯಂತ್ರದಲ್ಲಿ ಅಚ್ಚೊತ್ತಿದ ಚಾಪೆ ಅಗ್ಗಕ್ಕೆ ಸಿಗುತ್ತದೆ.

ಹೊರಡುವ ದಿನ ಕೇಳಿದೆ, ಈ ಕೆಲಸ ನಿಮ್ಮ ಮನೆಯಲ್ಲಿ ಇನ್ನಾರಿಗೆ ಬರುತ್ತದೆ ಎಂದು. ಅವರು ಪಂಜವನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟರು. "ನಾ ಇರೂತನಕ ನಂಗ ಬರತೈತಿ," ಎಂದರು.

ಈಗ ಜಮಖಾನವನ್ನು ಹೊರಳಿಸಿ ಹಾಸಿದ್ದೇವೆ. ಹೊಸ ಅಂಚಿಗೂ ಹಳೆಯ ಮೂರು ಅಂಚುಗಳಿಗೂ ಕಣ್ಣಿಗೆ ಭೇದ ತಿಳಿಯದು. ಕಿಟಕಿಗೆ ದಪ್ಪ ಪರದೆ ಹಾಕಿದ್ದೇನೆ. ಹಬ್ಬ ಮುಗಿದರೆ ಸುರುಳಿ ಸುತ್ತಿ, ಆಯಿಯ ಹಾಗೆಯೇ ಬೇವಿನ ಸೊಪ್ಪಿಟ್ಟು ಮೇಲಿಡುತ್ತೇನೆ. ಈ ಕೆಳಮೈಯೂ ಒಂದು ದಿನ ಮಾಸಿದರೆ ಹೊರಳಿಸಲು ಮೂರನೆಯ ಮೈ ಇಲ್ಲ.

ನಿಮ್ಮ ಅಟ್ಟದಲ್ಲಿ ನವಲಗುಂದದ ಜಮಖಾನ ಇದ್ದರೆ ಕೆಳಗಿಳಿಸಿ, ಹೊರಳಿಸಿ ನೋಡಿ. ಅದಕ್ಕೆ ಕುಂಚ ತಾಗಿಸಲು ಯಾರಿಗೂ ಬಿಡಬೇಡಿ. ಮನೆಯಲ್ಲಿ ಮದುವೆ, ಸೀಮಂತ ಏನಾದರೂ ಇದ್ದರೆ, ಎರಡು ತಿಂಗಳು ಮೊದಲೇ ಆ ಓಣಿಗೆ ಹೋಗಿ ಒಂದು ಹೊಸ ಜಮಖಾನ ನೇಯಿಸಲು ಹೇಳಿ. ಚೌಕಾಶಿ ಮಾಡದೆ, ಕೇಳಿದಷ್ಟು ಕೊಟ್ಟು ಬನ್ನಿ.