ಜರಿಯ ಲಂಗ

ನಮ್ಮ ಅಳದಂಗಡಿಯಿಂದ ವೇಣೂರಿಗೆ ಹೆಚ್ಚು ದೂರವಿಲ್ಲ. ಅಜಿಲ ಅರಸುಮನೆತನದ ತಿಮ್ಮಣ್ಣ ಅಜಿಲನು 1604ರಲ್ಲಿ ಪ್ರತಿಷ್ಠಾಪಿಸಿದ 35 ಅಡಿ ಎತ್ತರದ ಬಾಹುಬಲಿಯ ಮೂರ್ತಿ ಅಲ್ಲಿದೆ. ಬಾಲ್ಯದಲ್ಲಿ ಒಮ್ಮೆ ಆ ಮೂರ್ತಿಯ ಮುಂದೆ ನಿಂತು, "ಅಪ್ಪಾ, ಇವನಿಗೇಕೆ ಬಟ್ಟೆಯಿಲ್ಲ?" ಎಂದು ಕೇಳಿದ್ದೆ. ಮೊಣಕಾಲಿನವರೆಗಿನ ಹಳೆಯ ಪಂಚೆಯುಟ್ಟಿದ್ದ ತಂದೆಯವರು ನಕ್ಕರು. "ಅವನು ಇದ್ದುದನ್ನು ಬಿಟ್ಟವನು ಮಗಾ. ನಮಗೆ ಬಿಡುವುದಕ್ಕೆ ಏನಿದೆ?" ಎಂದರು. ಆ ಮಾತಿನ ಅರ್ಥ ನನಗೆ ಹೊಳೆಯಬೇಕಾದರೆ ಬಹಳ ವರ್ಷಗಳೇ ಬೇಕಾದವು.

ನಾನು ಉಪಾಧ್ಯಾಯನಾದ ಹೊಸತರಲ್ಲಿ ಖಾದಿ ಉಡುವ ವ್ರತ ಹಿಡಿದೆ. ಮಂಗಳೂರಿನ ಕಾರ್ನಾಡು ಸದಾಶಿವರಾಯರು ಸಿರಿವಂತ ವಕೀಲರಾಗಿದ್ದೂ ಸ್ವಾತಂತ್ರ್ಯ ಹೋರಾಟಕ್ಕಾಗಿ ತಮ್ಮ ಸಂಪತ್ತನ್ನೆಲ್ಲ ಕಳೆದುಕೊಂಡು 1937ರಲ್ಲಿ ಬಡವರಾಗಿಯೇ ತೀರಿಕೊಂಡ ಕಥೆಯನ್ನು ತರಗತಿಯಲ್ಲಿ ಹೇಳುವಾಗ, ನನ್ನ ಬಿಳಿಯ ಜುಬ್ಬದ ಕಡೆಗೆ ನನ್ನ ಕಣ್ಣು ತಾನಾಗಿಯೇ ಹೊರಳುತ್ತಿತ್ತು. ಆ ಜುಬ್ಬವನ್ನು ಬಾವಿಕಟ್ಟೆಯಲ್ಲಿ ಒಗೆದು, ಗಂಜಿ ಹಾಕಿ, ಒಣಗಿಸಿ ಮಡಚಿಡುತ್ತಿದ್ದವರು ನನ್ನ ತಾಯಿ. ನನ್ನ ಸರಳತೆಯ ಭಾರವೆಲ್ಲ ಅವರ ತೋಳಿನ ಮೇಲಿತ್ತೆಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

1987ರ ಶಾಲಾ ವಾರ್ಷಿಕೋತ್ಸವದ ದಿನ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರಾರ್ಥನೆ ಹಾಡಲು ಕೆಂಪು ಲಂಗ ತೊಟ್ಟು ಬಂದಿದ್ದಳು. ಅದರ ಅಂಚಿಗೆ ಅಂಗೈ ಅಗಲದ ಜರಿ. ದೀಪದ ಬೆಳಕಿನಲ್ಲಿ ಅದು ಥಳಥಳಿಸುತ್ತಿತ್ತು. ನಾನು ಎಲ್ಲರೆದುರಿಗೇ, "ಇದೇನು ಹಾಡುವುದಕ್ಕೆ ಬಂದದ್ದೋ, ಮೆರವಣಿಗೆಗೆ ಹೊರಟದ್ದೋ? ವಿದ್ಯಾರ್ಥಿಗೆ ಸರಳತೆಯೇ ಭೂಷಣ" ಎಂದುಬಿಟ್ಟೆ. ಒಡನಾಡಿಗಳು ನಕ್ಕರು. ಅವಳು ಹಾಡಿದಳು, ಆದರೆ ಕತ್ತೆತ್ತಲಿಲ್ಲ.

ಮರುದಿನ ಸಹೋದ್ಯೋಗಿಯೊಬ್ಬರು ನನ್ನನ್ನು ಬದಿಗೆ ಕರೆದರು. ಅವಳ ತಾಯಿ ಬೀಡಿ ಕಟ್ಟುವವರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರು ಮಡಿಲಲ್ಲಿ ಮೊರವಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ಸಾವಿರದ ಲೆಕ್ಕದಲ್ಲಿ ಬೀಡಿ ಒಪ್ಪಿಸಿ ಮಜೂರಿ ಪಡೆಯುತ್ತಿದ್ದರು. ಆ ಮಜೂರಿಯಲ್ಲಿ ವಾರವಾರವೂ ಚಿಲ್ಲರೆ ಉಳಿಸಿ, ಬೆಳ್ತಂಗಡಿ ಪೇಟೆಯಿಂದ ಆ ತಾಯಿ ತಂದ ಬಟ್ಟೆಯಂತೆ ಅದು. ಕೇಳಿ ನನ್ನ ಬಾಯಿ ಒಣಗಿತು. ಆದರೂ ಹುಡುಗಿಯನ್ನು ಕರೆದು ಒಂದು ಮಾತು ಹೇಳಲಿಲ್ಲ. ಉಪಾಧ್ಯಾಯನ ಬಿಗುಮಾನ ಅಡ್ಡ ಬಂತು.

ಉಡುಗೆಯ ವಿಷಯವನ್ನು ನಾನು ಹೊಸದಾಗಿ ಯೋಚಿಸತೊಡಗಿದ್ದು ಆಮೇಲೆ. ಗಾಂಧೀಜಿ 1921ರ ಸೆಪ್ಟೆಂಬರ್‌ನಲ್ಲಿ ಮಧುರೆಯಲ್ಲಿ ಅಂಗಿ ಟೊಪ್ಪಿಗೆಗಳನ್ನು ತೊರೆದು ತುಂಡುಬಟ್ಟೆ ಉಟ್ಟರು. ಬಡವರಿಗೆ ಇಲ್ಲದ್ದು ತಮಗೂ ಬೇಡವೆಂಬುದು ಅವರ ಭಾವ. ಡಾ. ಅಂಬೇಡ್ಕರರಾದರೋ ಅಚ್ಚುಕಟ್ಟಾದ ಸೂಟು ತೊಟ್ಟರು. ಒಳ್ಳೆಯ ಬಟ್ಟೆ ತೊಡುವ ಹಕ್ಕನ್ನೇ ತಲೆತಲಾಂತರದಿಂದ ಕಿತ್ತುಕೊಳ್ಳಲಾಗಿದ್ದ ಜನರ ನಡುವಿನಿಂದ ಬಂದವರು ಅವರು. 1931ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಇಬ್ಬರೂ ಇದ್ದರು, ಒಬ್ಬರು ತುಂಡುಬಟ್ಟೆಯಲ್ಲಿ, ಒಬ್ಬರು ಸೂಟಿನಲ್ಲಿ. ಯಾರ ಉಡುಗೆ ಹೆಚ್ಚು ಮರ್ಯಾದೆಯದು? ಇನ್ನೂ ಹಿಂದೆ, ತಿರುವಾಂಕೂರಿನ ನಾಡಾರ್ ಹೆಂಗಸರು ಮೈಮುಚ್ಚುವ ಮೇಲುವಸ್ತ್ರಕ್ಕಾಗಿಯೇ ದಶಕಗಳ ಕಾಲ ಪೆಟ್ಟು ತಿಂದು ಹೋರಾಡಬೇಕಾಯಿತು. ಅರಸರ ಅಪ್ಪಣೆ ದೊರೆತದ್ದು 1859ರಲ್ಲಿ. ಇವನ್ನೆಲ್ಲ ನಾನು ಪುಸ್ತಕಗಳಲ್ಲಿ ಮೊದಲೇ ಓದಿದ್ದವನು. ಓದಿದ್ದೇನೋ ನಿಜ.

ನಿವೃತ್ತನಾದ ಮೇಲೆ ಒಂದು ಸಂಜೆ ಅದೇ ಹುಡುಗಿ, ಈಗ ನಡುವಯಸ್ಸಿನ ಗೃಹಿಣಿ, ಮಗಳ ಮದುವೆಯ ಕರೆಯೋಲೆ ಹಿಡಿದು ಮನೆಗೆ ಬಂದಳು. ಮಾಸಲು ಹಸಿರು ಬಣ್ಣದ ನೂಲಿನ ಸೀರೆ. ಕಿವಿಯಲ್ಲಿ ಸಣ್ಣ ಓಲೆ. ನಾನು ತಡೆಯಲಾರದೆ ಆ ದಿನದ ಮಾತೆತ್ತಿದೆ.

"ನೆನಪಿದೆ ಸಾರ್. ಆಮೇಲೆ ಅದನ್ನು ನಾನು ತೊಡಲಿಲ್ಲ," ಎಂದಳು. ದನಿಯಲ್ಲಿ ಮುನಿಸಿರಲಿಲ್ಲ.

"ತಪ್ಪು ನನ್ನದಮ್ಮ. ಅಂದೇ ಹೇಳಬೇಕಿತ್ತು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಮ್ಮ ಅದನ್ನು ಎತ್ತಿಟ್ಟಿದ್ದರು ಸಾರ್. ಮಗಳು ಹುಟ್ಟಿದಾಗ ಕತ್ತರಿಸಿ ಅವಳಿಗೊಂದು ಅಂಗಿ ಹೊಲಿಸಿದೆವು. ಜರಿ ಇನ್ನೂ ಕಪ್ಪಾಗಿಲ್ಲ," ಎಂದು ಕರೆಯೋಲೆಯನ್ನು ನನ್ನ ಕೈಗಿತ್ತಳು. "ಮದುವೆಗೆ ಬರಬೇಕು. ಹುಡುಗಿ ಕೆಂಪು ಸೀರೆಯೇ ಬೇಕೆಂದಿದ್ದಾಳೆ."