ಬಾತ್‌ರೂಮಿಗೂ ಉಸಿರು ಬೇಕಲ್ವಾ?

ನಮ್ಮ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು, ಪಕ್ಕದ ರೂಮಿನಲ್ಲಿ ಮಲಗಿದ ಮಗು ಎದ್ದು ಅಳುತ್ತಿತ್ತು. ಅತ್ತೆಯವರದು ಬೆಳಗಿನ ಐದು ಗಂಟೆಗೇ ಸ್ನಾನ. "ಮಗು ಮಲಗ್ಲಿ ಬಿಡಮ್ಮ, ನಂಗೇನೂ ತೊಂದ್ರೆ ಇಲ್ಲ" ಅಂತ ಅವರು ಫ್ಯಾನ್ ಹಾಕುವುದನ್ನೇ ಬಿಟ್ಟರು. ಆದರೆ ತೊಂದರೆ ಇತ್ತು. ಮಳೆಗಾಲದ ಹೊತ್ತಿಗೆ ಬಾತ್‌ರೂಮಿನ ಸೀಲಿಂಗ್ ತುಂಬ ಕಪ್ಪು ಬೂಷ್ಟು. ಮೊದಲೇ ಉಬ್ಬಸ ಇರುವ ಅತ್ತೆಗೆ ಸ್ನಾನ ಮುಗಿಸಿ ಬಂದ ಮೇಲೆ ಅರ್ಧ ಗಂಟೆ ಕೆಮ್ಮು. ತೇವ, ಬೂಷ್ಟು ಅವರಿಗೆ ಆಗಿಬರುವುದಿಲ್ಲ ಅಂತ ಡಾಕ್ಟರೂ ಹೇಳಿದರು.

ಊರಿನ ಬಚ್ಚಲುಮನೆಗೆ ಫ್ಯಾನೇ ಬೇಕಿರಲಿಲ್ಲ. ಹಂಡೆ ಒಲೆಯ ಹೊಗೆ, ಬಿಸಿನೀರಿನ ಹಬೆ ಎರಡೂ ಹಂಚಿನ ಸಂದಿಯಲ್ಲೇ ಹೊರಟುಹೋಗುತ್ತಿದ್ದವು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವುದು ಡಕ್ಟ್ ಕಡೆಗೆ ಒಂದೇ ಕಿಂಡಿ.

ಜೋರು ಸದ್ದು ಮಾಡುವ ಫ್ಯಾನ್ ಜೋರಾಗಿ ಗಾಳಿ ಎಳೆಯುತ್ತೆ ಅಂತೇನಿಲ್ಲ. ಫ್ಯಾನಿನ ಜಾಲರಿಗೆ ತೆಳು ಟಿಶ್ಯೂ ಪೇಪರ್ ಹಿಡಿದು ಕೈ ಬಿಡಿ. ಅಂಟಿಕೊಂಡು ನಿಂತರೆ ಫ್ಯಾನ್ ಕೆಲಸ ಮಾಡ್ತಿದೆ. ನಮ್ಮದು ಸೀದಾ ನೆಲಕ್ಕೆ ಬಿತ್ತು. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಬಿಚ್ಚಿದರು. ರೆಕ್ಕೆಗಳ ಮೇಲೆ ಗಟ್ಟಿಯಾದ ಧೂಳು, ಸಡಿಲವಾದ ಸ್ಕ್ರೂ, ಹೊರಗಿನ ಪಟ್ಟಿಗಳು ಅರ್ಧವೂ ತೆರೆಯುತ್ತಿರಲಿಲ್ಲ. ಧೂಳು ಒಂದು ರೆಕ್ಕೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಕೂತರೆ ತೂಕ ತಪ್ಪಿ ಫ್ಯಾನ್ ನಡುಗುತ್ತದೆ, ಸದ್ದು ಬರುತ್ತದೆ. ಎಷ್ಟೋ ಫ್ಯಾನ್‌ಗಳು ತೊಳೆದು ಬಿಗಿ ಮಾಡಿದರೆ ಸರಿಹೋಗುತ್ತವೆ. ನಮ್ಮದರಲ್ಲಿ ಬುಷ್ಷೇ ಸವೆದಿತ್ತು, ಬದಲಾಯಿಸಲೇಬೇಕಾಯಿತು.

ಹೊಸದು ತರುವಾಗ ಬಾಕ್ಸ್ ಮೇಲೆ ನೋಡಬೇಕಾದ್ದು, ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಅನ್ನುವುದು. 5 ಅಡಿ ಅಗಲ, 8 ಅಡಿ ಉದ್ದ, 8 ಅಡಿ ಎತ್ತರದ ಬಾತ್‌ರೂಮಿನಲ್ಲಿ ಸುಮಾರು 9 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ 8 ಸಲ ಅದು ಬದಲಾಗಬೇಕೆಂದರೆ 72 ಘನ ಮೀಟರ್. ಸ್ವಲ್ಪ ಹೆಚ್ಚೇ ಇರಲಿ ಅಂದುಕೊಂಡರೂ 6 ಇಂಚಿನ ಫ್ಯಾನ್ ಧಾರಾಳವಾಯಿತು. ಜೊತೆಗೆ ಡೆಸಿಬಲ್ ಎಷ್ಟು, ಬಾಲ್ ಬೇರಿಂಗ್ ಇದೆಯಾ ಅಂತಲೂ ನೋಡಿದೆವು.

ಇನ್ನೊಂದು ವಿಷಯ, ಹೊರಗೆ ಹೋಗುವಷ್ಟು ಗಾಳಿ ಒಳಗೂ ಬರಬೇಕು. ಜಿರಲೆ ಬಾರದಿರಲಿ ಅಂತ ಬಾಗಿಲಿನ ಕೆಳಗೆ ಹಾಕಿದ್ದ ರಬ್ಬರ್ ಪಟ್ಟಿ ತೆಗೆದೆವು. ಅರ್ಧ ಇಂಚು ಸಂದಿ ಸಿಕ್ಕಿದ್ದೇ ಹಬೆ ಬೇಗ ಹೋಗತೊಡಗಿತು. ಸ್ನಾನ ಆದ ಮೇಲೂ ಇಪ್ಪತ್ತು ನಿಮಿಷ ಫ್ಯಾನ್ ಓಡಲು ಬಿಡುತ್ತೇವೆ.

ನಮ್ಮದು ಕರೆಂಟ್ ಗೀಸರ್. ಗ್ಯಾಸ್ ಗೀಸರ್ ಇರುವವರು ಮಾತ್ರ ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂತ ಧೈರ್ಯವಾಗಿರಬೇಡಿ. ಅದರಿಂದ ಬರಬಹುದಾದ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವವನ್ನೇ ತೆಗೆಯಬಲ್ಲದು. ಆ ಗೀಸರ್ ಬಾತ್‌ರೂಮಿನ ಹೊರಗೇ ಇರಲಿ.

ಬೂಷ್ಟು ಉಜ್ಜಿ ತೆಗೆಸಿದ ಮೇಲೆ ಮತ್ತೆ ಬಂದಿಲ್ಲ. ಅತ್ತೆಯ ಕೆಮ್ಮು ಪೂರ್ತಿ ನಿಂತಿಲ್ಲ, ಆದರೆ ಅರ್ಧ ಗಂಟೆಯದು ಐದು ನಿಮಿಷಕ್ಕೆ ಇಳಿದಿದೆ. ಮನೆಯ ಹಿರಿಯರು ಸುಮ್ಮನೆ ಹೊಂದಿಕೊಂಡು ಹೋಗುವ ಸಂಗತಿಗಳು ಇಂಥವು ಎಷ್ಟಿರುತ್ತವೋ. ಅವರು ಯಾವ ಸ್ವಿಚ್ ಹಾಕುವುದನ್ನು ಬಿಟ್ಟಿದ್ದಾರೆ ಅಂತ ಈ ಭಾನುವಾರ ಒಮ್ಮೆ ಗಮನಿಸಿ.